ಅವ್ವ ಸೆರಗೊಡ್ಡಿದ ದಿನ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪುಣೆಯ ನಿಗಡಿಯ ನಮ್ಮ ಓಣಿಯಲ್ಲಿ ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡವರಿದ್ದಾರೆ. ಇಬ್ಬರು ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು, ಬಾಡಿಗೆ ಕೋಣೆ ಹಿಡಿದು, ರೊಟ್ಟಿ ವ್ಯಾಪಾರ ನಡೆಸುವವಳು ಇನ್ನೇನಾಗಿರಲು ಸಾಧ್ಯ ಎಂದು ಅವರ ವಿಚಾರ. ರೊಟ್ಟಿ ಒಯ್ಯುವ ಆಟೊ ಬಾಗಿಲಿಗೆ ಬಂದಾಗಲೆಲ್ಲ ನಾನು ಹೇಗೆ ಹಿಂದೆ ಸರಿದು ನಿಲ್ಲುತ್ತಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ.

ನಾವು ಸುರಪುರದ ಕಡೆಯವರು. ಊರಲ್ಲಿ ನಮ್ಮ ಕೇರಿ ಬೇರೆ, ನಮ್ಮ ನೀರು ಬೇರೆ. ಅವ್ವ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಪುಣೆಗೆ ಬಂದು, ಮೈಯಲ್ಲಿ ಕಸುವಿರುವ ತನಕ ಕಟ್ಟಡಗಳ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತಳು. ನಾನು ಬಂಗಲೆಗಳಲ್ಲಿ ಪಾತ್ರೆ ತಿಕ್ಕಿದೆ. ನನ್ನ ನೆಗೆಣ್ಣಿಯೂ ತಿಕ್ಕಿದಳು, ಪಕ್ಕದ ಮನೆಯ ನಮ್ಮದೇ ಕೇರಿಯ ವಿಧವೆಯೂ ತಿಕ್ಕಿದಳು. ಮೂವರಿಗೂ ಅದಕ್ಕಿಂತ ಚೆನ್ನಾಗಿ ಬರುತ್ತಿದ್ದ ಕೆಲಸವೆಂದರೆ ಜೋಳದ ರೊಟ್ಟಿ ಬಡಿಯುವುದು. ಭೋಸರಿಯ ಕಾರ್ಖಾನೆಗಳಲ್ಲಿ ನಮ್ಮ ಕಡೆಯ ಗಂಡಸರು ಬೇಕಾದಷ್ಟಿದ್ದಾರೆ. ಚಪಾತಿ ಎಷ್ಟು ತಿಂದರೂ ಅವರಿಗೆ ಉಂಡಂತಾಗುವುದಿಲ್ಲ. ಅವರಿಗಾಗಿ ಜೇವರ್ಗಿ ಕಡೆಯ ಒಬ್ಬ ಹೆಂಗಸು ಅಲ್ಲಿ ಖಾನಾವಳಿ ಇಟ್ಟಿದ್ದರು. ದಿನಾ ನಮ್ಮ ಖಡಕ್ ರೊಟ್ಟಿ ಹೋಗುತ್ತಿದ್ದುದು ಅಲ್ಲಿಗೆ. ಆ ಒಂದು ಗಿರಾಕಿ ಕೈಬಿಟ್ಟರೆ ನಾವು ಮೂವರೂ ಮತ್ತೆ ಪಾತ್ರೆಗಳ ಮುಂದೆ ಕೂರಬೇಕಿತ್ತು.

ಖಾನಾವಳಿ ಅಕ್ಕ ಹಣೆತುಂಬ ವಿಭೂತಿ ಹಚ್ಚುವವರು, ಮಾತು ಮೆತ್ತಗೆ. ಮೊದಲ ಸಲ ಭೇಟಿಯಾದಾಗ ಕೇಳಿದ್ದರು, "ನೀವು ಯಾರ ಪೈಕಿ ಆಗಬೇಕ್ರಿ?"

"ಸುರಪುರದ ಪೈಕಿರಿ," ಅಂದೆ.

ಜಾತಿ ಕೇಳಿದರೆ ಊರು ಹೇಳುವ ಈ ವಿದ್ಯೆ ನಮ್ಮಲ್ಲಿ ಎಳೆಯ ಮಕ್ಕಳಿಗೂ ಬರುತ್ತದೆ. ಅವರು ನಕ್ಕರು, ಮುಂದೆ ಕೇಳಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಅಂದಿನಿಂದ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಬಾಳಾಯಿತು ನನ್ನದು. ರೊಟ್ಟಿ ಕೋಣೆಯ ಗೋಡೆಗೆ ನೀಲಿ ಕೋಟಿನ ನಮ್ಮ ಸಾಹೇಬರ ಫೋಟೊ ಹಾಕಲಿಲ್ಲ, ಅದು ಮನೆಯಲ್ಲೇ ಉಳಿಯಿತು. ಎದುರು ಮನೆಯ ಮರಾಠಿ ಬಾಯಿ ನಮ್ಮವಳೇ. ಆಕೆ ದಿನಾ ಬೆಳಿಗ್ಗೆ ಓಣಿಯೆಲ್ಲ ಕೇಳುವ ಹಾಗೆ "ಜೈಭೀಮ್, ತಾಯಿ" ಅನ್ನುತ್ತಿದ್ದಳು. ನಾನು ಹಿಟ್ಟು ನಾದುವ ನೆಪದಲ್ಲಿ ತಲೆ ತಗ್ಗಿಸಿ ತುಟಿಯಲ್ಲೇ ಅಷ್ಟಂದು ಮುಗಿಸುತ್ತಿದ್ದೆ. ಈ ಊರಿನ ನಮ್ಮವರು ಎದೆಯುಬ್ಬಿಸಿ ನಡೆಯುವುದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅದರ ಜೊತೆಗೇ ಸಿಟ್ಟು.

ಸಂಕ್ರಾಂತಿಯ ದಿನ ವಿಧವೆಗೆ ಜ್ವರ ಬಂತು. ರೊಟ್ಟಿ ಕಡಿಮೆ ಬೀಳಬಾರದೆಂದು ಅವ್ವನನ್ನು ಕರೆತಂದು ಕೂರಿಸಿದೆ. ಅವಳ ಕೈ ಈಗಲೂ ನಮ್ಮೆಲ್ಲರಿಗಿಂತ ಚುರುಕು. ಬಡಿಯುತ್ತಾ ಬಡಿಯುತ್ತಾ ಹಳೆಯ ಹಾಡು ಗುನುಗುತ್ತಿದ್ದಳು. ಅಷ್ಟರಲ್ಲಿ ಆಟೊ ನಿಂತಿತು. ಇಳಿದವರು ಡ್ರೈವರ್ ಅಲ್ಲ, ಸ್ವತಃ ಖಾನಾವಳಿ ಅಕ್ಕ. ರೇಷ್ಮೆ ಸೀರೆ, ಕೈಯಲ್ಲಿ ಕುಸುರೆಳ್ಳಿನ ಡಬ್ಬಿ.

"ಹಬ್ಬದ ದಿನಾನೂ ರೊಟ್ಟಿ ಬಡೀಲತ್ತೀರಲ್ಲರಿ," ಅಂದರು. ಬಾಗಿಲಲ್ಲೇ ನಿಂತು ಬಂದ ವಿಷಯ ಹೇಳಿದರು. ದೇಹೂ ರೋಡಿನಲ್ಲಿ ಇನ್ನೊಂದು ಖಾನಾವಳಿ ತೆರೆಯುವವರಿದ್ದರು. ಅಲ್ಲಿಯ ಅಡುಗೆಯನ್ನೆಲ್ಲ ನಾವು ಮೂವರೇ ನೋಡಿಕೊಳ್ಳಬೇಕು. ತಿಂಗಳ ಪಗಾರ, ನಮ್ಮದೇ ಕೈಯ ಒಲೆ, ಪಲ್ಯ, ಸಾರು, ಎಲ್ಲ. ನೆಗೆಣ್ಣಿ ನನ್ನ ಬೆನ್ನನ್ನು ಜೋರಾಗಿ ಚಿವುಟಿದಳು. ನನಗೂ ಕುಣಿಯಬೇಕೆನಿಸಿತು.

ಆಮೇಲೆ ಅವರು ನಮ್ಮ ಕೈಗೆ ಎಳ್ಳು ಕೊಟ್ಟರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು," ಅಂದರು. ಮೂಲೆಯಲ್ಲಿದ್ದ ಅವ್ವನನ್ನು ನೋಡಿ, "ಹಿರ್ಯಾರು ಅದಾರ," ಎನ್ನುತ್ತ ಒಳಗೆ ಬಂದು, ಎಳ್ಳು ಕೊಡುವ ಮೊದಲು ಕಾಲು ಮುಟ್ಟಿ ನಮಸ್ಕರಿಸಲು ಬಾಗಿದರು. ಹಬ್ಬದಲ್ಲಿ ಚಿಕ್ಕವರು ದೊಡ್ಡವರಿಗೆ ಹಾಗೆ ಮಾಡುವುದು ನಮ್ಮ ಕಡೆಯ ಪದ್ಧತಿ.

ಅವ್ವ ಹಾವು ಕಂಡವಳ ಹಾಗೆ ಎದ್ದಳು. "ಬ್ಯಾಡ್ರಿ ಬ್ಯಾಡ್ರಿ, ನಮ್ಮ ಕಾಲು ಮುಟ್ಟಬಾರದ್ರಿ ಅಕ್ಕಾರ," ಎನ್ನುತ್ತ ಅವರಿಂದ ದೂರ ಸರಿದು, ಬಾಗಿಲು ದಾಟಿ, ಮೆಟ್ಟಿಲಿಳಿದು ಕೆಳಗೆ ನಿಂತಳು. ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಒಡ್ಡಿದಳು. ಊರ ಗೌಡರ ಮನೆಯ ಮುಂದೆ ಹಬ್ಬದ ಎಡೆ ಇಸಿದುಕೊಳ್ಳಲು ನಿಲ್ಲುತ್ತಿದ್ದಳಂತಲ್ಲ, ಹಾಗೆ. ಮೇಲಿನಿಂದ ಹಾಕುವವರ ಕೈ ತಾಗದಷ್ಟು ಕೆಳಗೆ.

ಖಾನಾವಳಿ ಅಕ್ಕ ಬಾಗಿದವರು ಹಾಗೇ ಒಂದು ಕ್ಷಣ ಉಳಿದರು. ನೆಟ್ಟಗಾಗಿ ಬಾಗಿಲಿಗೆ ಬಂದರು. ಆಮೇಲೆ ಅವರ ಕೈ ತಾನಾಗಿ ಎತ್ತರಕ್ಕೆ ಹೋಯಿತು. ಎಳ್ಳು ಮೇಲಿನಿಂದ ಅವ್ವನ ಸೆರಗಿಗೆ ಉದುರಿತು. ಯಾರೂ ಕಲಿಸಬೇಕಾಗಿರಲಿಲ್ಲ. ಅವ್ವನ ಕೈಗೆ ಅದು ಗೊತ್ತಿತ್ತು, ಅವರ ಕೈಗೂ ಗೊತ್ತಿತ್ತು. ಡಬ್ಬಿಯ ಮುಚ್ಚಳ ಹಾಕಿ ಅವರು ಆಟೊ ಹತ್ತಿದರು. ದೇಹೂ ರೋಡಿನ ಮಾತು ಮತ್ತೆ ಎತ್ತಲಿಲ್ಲ.

"ಎಂಥಾ ಛಲೋ ಹೆಣಮಗಳು," ಅಂದಳು ಅವ್ವ, ಎಳ್ಳು ಬಾಯಿಗೆ ಹಾಕಿಕೊಳ್ಳುತ್ತ. ಅವಳ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ. ಅವಳ ಮುಖ ನೋಡಿ ಹಿಟ್ಟು ನಾದಲು ಕೂತೆ.

ಅಲ್ಲಿಂದ ಶುರುವಾದ ಭಯಕ್ಕೆ ಹೆಸರಿಲ್ಲ. "ಮುದುಕಿ ನಾಚಿಕೊಂಡ್ಳು ಅಂತ ತಿಳಕೊಂಡಿರ್ತಾರ ಬಿಡಕ್ಕ," ಎಂದು ನೆಗೆಣ್ಣಿ ಸಮಾಧಾನ ಹೇಳಿದಳು, ಆದರೆ ಅವಳ ಕೈಯ ರೊಟ್ಟಿ ಅಂದಿನಿಂದ ಹರಿಯತೊಡಗಿತು. ಆಟೊ ಬರುತ್ತಿತ್ತು, ರೊಟ್ಟಿ ಹೋಗುತ್ತಿತ್ತು. ಹೋದ ರೊಟ್ಟಿಯನ್ನು ತಿನ್ನುತ್ತಾರೋ ದನಕ್ಕೆ ಹಾಕುತ್ತಾರೋ ಯಾರು ಬಲ್ಲರು. ಉಂಡವರಿಗೆ ತಿಳಿದು ನಾಲ್ಕು ಜನ ಕೋಣೆಗೇ ಬಂದರೆ ಏನು ಗತಿ ಎಂದೂ ಯೋಚಿಸಿದೆ. ಫೋನು ಬಂದರೆ ಬೆಚ್ಚುತ್ತಿದ್ದೆ, ಬಾರದಿದ್ದರೆ ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಕೊನೆಗೆ ತಡೆಯಲಾರದೆ ಭೋಸರಿಗೆ ಹೋದೆ.

ಊಟದ ಹೊತ್ತು ಮುಗಿದಿತ್ತು. ಅಕ್ಕ ಗಲ್ಲಾ ಪೆಟ್ಟಿಗೆಯ ಮುಂದೆ ಒಬ್ಬರೇ ಇದ್ದರು. ನನ್ನನ್ನು ಒಳಗೆ ಕರೆಯಲಿಲ್ಲ, ತಾವೇ ಹೊರಗೆ ಬಂದರು. ನಾನು ಕೇಳುವ ಮೊದಲೇ ಮೆಲ್ಲಗೆ ಹೇಳಿದರು.

"ರೊಟ್ಟಿ ಕಳಸ್ರಿ. ರೊಟ್ಟಿ ಬೆಂಕ್ಯಾಗ ಸುಟ್ಟಿರ್ತದ, ನಡೀತದ. ಪಲ್ಯ, ಸಾರು ನೀರಿಂದು ನೋಡ್ರಿ. ಅದು ಆಗಂಗಿಲ್ಲ. ನನಗೇನಿಲ್ರಿ, ಉಣ್ಣಾಕ ಬರೂ ಮಂದಿ ಕೇಳಂಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು. ನಾನು ತಲೆಯಾಡಿಸಿದೆ. ಹೊರಡಲು ತಿರುಗಿದಾಗ ಇನ್ನೊಂದು ಮಾತು ಬಂತು. "ನಿಮ್ಮವ್ವನ್ನ ಅಲ್ಲಿ ಕೂಡ್ರಸಬ್ಯಾಡ್ರಿ. ನೋಡಿದವರಿಗೆ ಗೊತ್ತಾಗ್ತದ."

ಬಸ್ಸಿನಲ್ಲಿ ಕೂತು ಬರುವಾಗ ನನಗೆ ನೆಮ್ಮದಿಯಾಯಿತು. ಹೌದು, ನೆಮ್ಮದಿ. ರೊಟ್ಟಿ ಉಳಿಯಿತಲ್ಲ ಎಂದು ಕೈ ಮುಗಿಯುವಷ್ಟು. ಅವ್ವನಿಗೆ ಏನು ಹೇಳಲಿ ಎಂಬುದು ನೆನಪಾದದ್ದು ಮನೆ ಹತ್ತಿರ ಬಂದಾಗಷ್ಟೇ.

ವಿಧವೆಯ ಜ್ವರ ಇಳಿದಿರಲಿಲ್ಲ. ಮರುದಿನವೂ ಅವ್ವ ಬಂದಳು. ಬರಬೇಡ ಅನ್ನುವ ಬದಲು ಅವಳ ಮುಂದೆ ಹಿಟ್ಟು ಇಟ್ಟೆ. ಭೋಸರಿಯಲ್ಲಿ ಏನಾಯಿತೆಂದು ನಾನು ನೆಗೆಣ್ಣಿಗೆ ಪಿಸುಗುಟ್ಟಿದ್ದು ಅವ್ವನಿಗೂ ಕೇಳಿಸಿತ್ತು. ಓಣಿಯ ತಿರುವಿನಲ್ಲಿ ಆಟೊದ ಸದ್ದಾದಾಗ ಅವಳೇ ಮೊಣಕಾಲು ಹಿಡಿದು ಏಳತೊಡಗಿದಳು.

"ಒಳಗ ಹೋಗ್ತೀನಿ ತಂಗಿ. ನಿನಗ್ಯಾಕ ತ್ರಾಸು."

ಹೋಗು ಅನ್ನುವುದು ಸುಲಭವಿತ್ತು. ನಾನು ಅವಳ ಭುಜ ಹಿಡಿದು ಕೂರಿಸಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದ್ದಿರಬೇಕು. "ಕೂಡು," ಅಂದೆ.

ಆಟೊದಿಂದ ಇಳಿದವರು ಅಕ್ಕ. ಮಾರ್ಕೆಟ್ಟಿಗೆ ಹೊರಟಿದ್ದರೋ, ನೋಡಲೆಂದೇ ಬಂದಿದ್ದರೋ ತಿಳಿಯದು. ಬಾಗಿಲಿಗೆ ಬಂದವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ರೊಟ್ಟಿ ಬುಟ್ಟಿಗಾಗಿ ನಿಂತರು. ದಿನಾ ನಾನು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ, ಡ್ರೈವರ್ ಎತ್ತಿಕೊಳ್ಳುತ್ತಿದ್ದ. ಅಂದು ನಾನು ಕೆಳಗಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಧೈರ್ಯದಿಂದಲ್ಲ. ಬಗ್ಗಿದರೆ ಬಿದ್ದೇ ಬಿಡುತ್ತೇನೆಂಬ ಭಯವಿತ್ತು. ನಾನು ಇಡುತ್ತೇನೆಂದು ಅವರು ಕಾದರು. ನನ್ನ ತೋಳು ಸೋಲತೊಡಗಿತು. ಇವತ್ತಿಗೆ ಎಲ್ಲ ಮುಗಿಯಿತು, ಮೂರೂ ಒಲೆ ಆರಿದವು ಎಂದುಕೊಂಡೆ.

ಆಗ ಹಿಂದಿನಿಂದ ಅವ್ವ ಬಾಯಿ ಬಿಟ್ಟಳು. "ಒಳಗ ಬರ್ರಿ ಅಕ್ಕಾರ. ಚಾ ಕುಡದು ಹೋಗ್ರಿ."

ಹುಟ್ಟಿದಾಗಿನಿಂದ ಅವಳು ಅಂಥವರನ್ನು ಒಳಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಹಬ್ಬದ ದಿನ ಸೆರಗೊಡ್ಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಹೆದರಿಸಿತು.

ಅಕ್ಕನ ಮುಖ ಕೆಂಪಾಯಿತು. "ಅವಸರ ಅದ್ರಿ," ಅಂದರು. ಹೇಗಾದರೂ ಹೊರಟುಬಿಡಬೇಕೆಂಬ ಗಡಿಬಿಡಿಯಲ್ಲಿ ಬುಟ್ಟಿಯನ್ನು ನನ್ನ ಕೈಯಿಂದಲೇ ಕಸಿದುಕೊಂಡರು. ಅವರ ಬೆರಳು ನನ್ನ ಬೆರಳಿಗೆ ತಾಗಿದವು. ಆಟೊ ಹೋಯಿತು.

ತಿರುಗಿ ನೋಡಿದರೆ ಅವ್ವ ಬಡಿಯುವುದು ಬಿಟ್ಟು ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಹಿಚುಕುತ್ತಿದ್ದಳು. "ಅಂಜಿಕಿ ಬಂತೇನವ್ವ?" ಅಂದೆ.

"ಭಾಳ ಬಂತು," ಅಂದಳು. "ನೀ ಕೂಡು ಅಂದಿ. ಕುಂತ ಮ್ಯಾಲ ಬಂದವರಿಗೆ ಬರ್ರಿ ಅನಬೇಕಲ್ಲ?"

ದೇಹೂ ರೋಡಿನ ಅಡುಗೆಗೆ ಬೇರೆ ಹೆಂಗಸರು ಸೇರಿದರು. ಭೋಸರಿಗೆ ನಮ್ಮ ರೊಟ್ಟಿ ಈಗಲೂ ಹೋಗುತ್ತದೆ, ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ವಿಧವೆ ಗುಣವಾಗಿ ಬಂದ ಮೇಲೂ ಅವ್ವ ದಿನಾ ಬಂದು ಬಾಗಿಲಿಗೆ ಕಾಣುವಂತೆ ಕೂರುತ್ತಾಳೆ. ಆಟೊದ ಸದ್ದು ಕೇಳಿದರೆ ನಾನು ಇವತ್ತಿಗೂ ಬೆವರುತ್ತೇನೆ, ಬುಟ್ಟಿಯನ್ನು ಮಾತ್ರ ಕೆಳಗಿಡುವುದಿಲ್ಲ.