ಎರಿಭೂತದ ಪಾಲು

ಊರಿನವರೆಲ್ಲ ಹೊಲಕ್ಕೆ ಹಕ್ಕಿ ಬೀಳಬಾರದೆಂದು ಬೆದರುಗೊಂಬೆ ನಿಲ್ಲಿಸುತ್ತಿದ್ದ ಕಾಲದಲ್ಲಿ, ಹಕ್ಕಿ ಬರಲಿ ಎಂದೇ ಬಿತ್ತಿದ ಮಹಾಶಯ ನಾನು. ಹಕ್ಕಿಯ ಮೇಲಿನ ಪ್ರೀತಿಯಿಂದ ಎಂದು ತಿಳಿಯಬೇಡಿ. ಹೊಡೆಯುವ ಆಸೆಯಿಂದ.

ನಮ್ಮ ತಾಲೂಕು ಇನ್ನೂ ಮುಂಬೈ ರಾಜ್ಯದಲ್ಲಿದ್ದ ದಿನಗಳವು. ನಮ್ಮೂರು ಸೂಡಿಯ ಕಪ್ಪು ನೆಲದಲ್ಲಿ, ಅಂದರೆ ಎರೆ ಹೊಲಗಳಲ್ಲಿ, ಎರಿಭೂತ ಎಂಬ ಹಕ್ಕಿ ಓಡಾಡುತ್ತಿತ್ತು. ಸೊಂಟದೆತ್ತರ, ಉದ್ದ ಕತ್ತು, ತಲೆಗೆ ಕರಿಯ ಟೊಪ್ಪಿಗೆ, ನಡಿಗೆಯಲ್ಲಿ ಮಾಮಲೇದಾರರ ಗತ್ತು. ಇದಕ್ಕೆ ಭೂತ ಎಂದು ಹೆಸರಿಟ್ಟವರು ಬಹುಶಃ ಬಂದೂಕು ಹಿಡಿದು ಹೋದವರೇ ಇರಬೇಕು. ಈಗ ಕಂಡದ್ದು ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾದರೆ ಮತ್ತೇನೆಂದು ಕರೆಯುವುದು?

ನರಗುಂದದ ನನ್ನ ಗೆಳೆಯ ವೀರನಗೌಡ ಇಂಥದೊಂದನ್ನು ಹೊಡೆದಿದ್ದ. ಆಮೇಲೆ ಗಜೇಂದ್ರಗಡದ ಸಂತೆಯಲ್ಲಿ ಸಿಕ್ಕಾಗಲೆಲ್ಲ, “ಏನಪಾ, ನಿನ್ನ ಬಂದೂಕಿಗೆ ಇನ್ನೂ ಗುಬ್ಬಿನೂ ಅಂಜಂಗಿಲ್ಲೇನು?” ಎಂದು ಜನರ ಮುಂದೆಯೇ ಕೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ತಡೆಯಲಾರದೆ, “ಎಳ್ಳ ಅಮಾಸಿಗೆ ಊಟಕ್ಕ ಬಾ, ಹೊಡದು ತೋರಸ್ತೀನಿ” ಎಂದುಬಿಟ್ಟೆ.

ಹಾಗೆ ಅಂದ ಮೇಲೆ ನಾನು ಕೃಷಿಪಂಡಿತನಾದೆ. ಈ ಹಕ್ಕಿಗೆ ಎತ್ತರದ ಬೆಳೆ ಆಗದು, ಸುತ್ತಲೂ ಬಯಲು ಕಾಣಬೇಕು. ಹಾಗಾಗಿ ಜೋಳವನ್ನು ಅತ್ತ ಸರಿಸಿ ನಡುವಿನ ಪಟ್ಟಿಗೆ ಕಡಲೆ ಬಿತ್ತಿದೆ. ಪಕ್ಕದಲ್ಲಿ ಒಂದಿಷ್ಟು ಹುಲ್ಲು ಹಾಗೇ ಬಿಟ್ಟೆ, ಹಕ್ಕಿಗೆ ಮಿಡತೆ ಸಿಗಲಿ ಎಂದು. ಮಿಡತೆ ಸಾಕುವ ರೈತನನ್ನು ನೋಡಲು ಜನ ಬಂದುಹೋದರು. ಅಪ್ಪ ಬೈದು ಬೈದು ಕಲಿಸಲಾಗದ ಒಕ್ಕಲುತನವನ್ನು ಒಂದು ಹಕ್ಕಿ ಕಲಿಸಿತು.

ಆ ವರ್ಷವೇ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ ಗಂಗವ್ವ ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದವಳು. “ಆ ಪಟ್ಟಿ ಯಾಕ್ರಿ ಹಂಗ ಬಿಟ್ಟೀರಿ?” ಎಂದು ಒಂದು ದಿನ ಕೇಳಿದಳು. “ಭೂತಕ್ಕ. ದಿನಾ ಬರತೈತಿ” ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಹೆಂಡತಿ ಸುಮ್ಮನಾದರೆ ಅವಳಿಗೆ ಅರ್ಥವಾಯಿತೆಂದು ನಂಬುವ ವಯಸ್ಸು ನನ್ನದು.

ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಿಟ್ಟು, ಬೆಳೆಯ ನಡುವೆ ಅನ್ನ, ಕಡುಬು ಚೆಲ್ಲುತ್ತೇವೆ. ಚರಗ ಚೆಲ್ಲುವುದು ಎಂದರೆ ಇದೇ. ಎಲ್ಲರೂ ಬನ್ನಿಮರದ ಕೆಳಗೆ ಪೂಜೆಯಲ್ಲಿದ್ದರೆ ನಾನು ಒಡ್ಡಿನ ಮರೆಯಲ್ಲಿ ಬಂದೂಕು ಹಿಡಿದು ಬೋರಲು ಬಿದ್ದಿದ್ದೆ. ಗೌಡ ಬರುವ ಹೊತ್ತಾಗಿತ್ತು. ಹಬ್ಬದ ದಿನ ಬೇಡವೆಂದು ಅವ್ವ ಬೈದದ್ದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭೂತ ಬಂತು. ಕಡಲೆಗೆ ಕೊಕ್ಕು ಹಾಕುತ್ತ ಗುರಿಯೊಳಗೇ ಬಂತು. ಇನ್ನೇನು ಬೆರಳು ಒತ್ತಬೇಕು, ಪಟ್ಟಿಯ ಆ ತುದಿಯಲ್ಲಿ ಗಂಗವ್ವ! ಕೈಯಲ್ಲಿ ಬುಟ್ಟಿ. ಕಣ್ಣು ಅರೆ ಮುಚ್ಚಿಕೊಂಡು, ನಡುಗುವ ದನಿಯಲ್ಲಿ, “ಭೂತಪ್ಪಾ, ಇದನ್ನ ಉಂಡು ಹೋಗಪಾ. ನಮ್ಮನಿಯವ್ರನ್ನ ಬಿಟ್ಟುಬಿಡು” ಎನ್ನುತ್ತ ಚರಗ ಚೆಲ್ಲುತ್ತಿದ್ದಳು. ಹಕ್ಕಿ ಕತ್ತೆತ್ತಿ ನೋಡಿತು. ಬಂದೂಕಿನ ನೆರಳಿಗೇ ಹಾರಿಹೋಗುವ ಪ್ರಾಣಿ ಸೀರೆಗೆ ಹೆದರಲಿಲ್ಲ. ತನ್ನ ಗತ್ತಿನಲ್ಲೇ ಹುಲ್ಲಿನ ಕಡೆ ನಡೆದುಹೋಯಿತು.

“ಅಯ್ಯ, ಇದು ಹಕ್ಕಿ ಐತೆಲ್ರೀ!” ಎಂದಳು, ಮಣ್ಣು ಮೆತ್ತಿಕೊಂಡು ಎದ್ದುನಿಂತ ನನ್ನನ್ನು ಕಂಡು. ಆಮೇಲೆ ಬಂದೂಕನ್ನು ನೋಡಿದಳು. ಸಿಟ್ಟು ಬರಬೇಕಾಗಿತ್ತು ನನಗೆ. ಬರಲಿಲ್ಲ. ನನಗಾಗಿ ಭೂತದ ಎದುರಿಗೂ ಒಬ್ಬಳೇ ಬಂದವಳು ಇವಳು ಎಂದು ಎದೆ ತುಂಬಿ ಬಂತು.

ಊಟಕ್ಕೆ ಕೂತ ವೀರನಗೌಡ, “ಎಲ್ಲೈತೋ ನಿನ್ನ ಭೂತ?” ಎಂದು ನಕ್ಕ. ನಾನು ತಲೆ ತಗ್ಗಿಸಿ ಕಡುಬು ಮುರಿಯತೊಡಗಿದೆ. ಬಡಿಸುತ್ತಿದ್ದ ಗಂಗವ್ವ ಸೆರಗು ಸರಿಮಾಡಿಕೊಂಡು, “ನಿಮಗಿಂತ ಮೊದಲ ಬಂದು ಉಂಡು ಹೋತ್ರಿ, ಅಣ್ಣಾರ. ಊಟಕ್ಕ ಕರದವ್ರನ್ನ ಹೊಡಿಯಾಕ ಬರತೈತೇನ್ರಿ?” ಎಂದಳು. ಗೌಡನೂ ಊಟಕ್ಕೆ ಕರೆಸಿಕೊಂಡವನೇ. ‘ಹೊಡಿಯಾಕ ಬರತೈತಿ’ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ.

ಮರುವರ್ಷ ಬಿತ್ತನೆಯಿಂದ ಮನೆಗೆ ಬಂದಾಗ ಅವಳು ಕೇಳಿದ ಮೊದಲ ಮಾತು, “ಭೂತದ ಪಾಲು ಬಿಟ್ಟೀರಿಲ್ರೀ?” ಬಿಟ್ಟಿದ್ದೆ. ಬಂದೂಕು ಪಡಸಾಲೆಯ ಗೂಟದಲ್ಲೇ ಇತ್ತು. ಅದರ ಮೇಲೆ ಮಗುವಿನ ಕುಂಚಿಗೆ ಒಣಗುತ್ತಿತ್ತು.