ಕುರಿ ಉಣ್ಣೆಯಲ್ಲಿ ಕಟ್ಟಿದ ವೆಬ್‌ಸೈಟು

ಗೋರ್ಟಾ ರಸ್ತೆಯ ಬದಿಯಲ್ಲಿ ತೊಗರಿ ಕೊಯ್ದ ಹೊಲ. ಸೂರ್ಯ ಇನ್ನೂ ಮೂಡಿಲ್ಲ. ಬಲೆ ಕಟ್ಟಿದ ದಡ್ಡಿಯೊಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿವೆ. ಹೊರಗೆ ಹಾಸಿದ ಕಂಬಳಿಯ ಮೇಲೆ ಸ್ನೇಹಲ ಟೀಚರ್ ಕೂತಿದ್ದಾರೆ. ಸ್ವೆಟರು, ಅದರ ಮೇಲೊಂದು ಶಾಲು, ತೊಡೆಯ ಮೇಲೆ ತೆರೆದ ಲ್ಯಾಪ್‌ಟಾಪ್. ಎದುರಿಗೆ ಕುಕ್ಕರಗಾಲಲ್ಲಿ ಕೂತ ಪಂಡರಿ ಮುತ್ಯಾ ಬೀಡಿ ಹಚ್ಚುವುದರಲ್ಲೇ ಮಗ್ನರಾಗಿದ್ದಾರೆ, ಪರದೆಯ ಕಡೆ ಕಣ್ಣೆತ್ತಿಯೂ ನೋಡುತ್ತಿಲ್ಲ. ಎಲ್ಲಿಂದಲೋ ಒಂದು ಮರಿ ಬಂದು ಲ್ಯಾಪ್‌ಟಾಪಿನ ಅಂಚು ನೆಕ್ಕಿ, ರುಚಿಸದೆ ತಾಯಿಯ ಕಡೆ ಹೋಗುತ್ತದೆ.

ಸ್ನೇಹಲ ಈ ಹೊಲಕ್ಕೆ ಬರುತ್ತಿರುವುದು ಇದು ಮೂರನೆಯ ಸಲ. ಮುತ್ಯಾನ ಮೊಮ್ಮಗಳು ರಾಜೇಶ್ವರಿ, ಐದನೇ ತರಗತಿಯ ಹುಡುಗಿ, ಶಾಲೆ ಬಿಟ್ಟು ಹಿಂಡಿನ ಜೊತೆ ಬಂದುಬಿಟ್ಟಿದ್ದಾಳೆ. ಮುತ್ಯಾ ಹೂಂ ಅಂದರೆ ನಾಳೆ ಸೋಮವಾರ ಅವಳು ಮತ್ತೆ ಶಾಲೆಗೆ. ಇಲ್ಲವಾದರೆ ಹಿಂಡು ಈ ವಾರವೇ ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೊರಡುತ್ತದೆ, ಅವಳೂ ಹೋಗುತ್ತಾಳೆ. ಹಾಗೆ ಹೋದ ಮಕ್ಕಳು ಮಳೆಗಾಲಕ್ಕೆ ಊರಿಗೆ ಮರಳಿದರೂ ಶಾಲೆಯ ಬಾಗಿಲಿಗೆ ಮರಳುವುದು ಅಪರೂಪ ಎಂಬುದು ಈ ಭಾಗದ ಮಾಸ್ತರುಗಳಿಗೆಲ್ಲ ಗೊತ್ತಿದೆ. ಅಷ್ಟಕ್ಕೂ ಮುತ್ಯಾನ ಮುನಿಸು ಯಾವುದರ ಮೇಲೆ ಅಂತೀರಿ? ಒಂದು ವೆಬ್‌ಸೈಟಿನ ಮೇಲೆ!

ಮುನಿಸಿನ ಸುದ್ದಿ ಗೊತ್ತಿದ್ದರೆ ನಾನು ಬರುತ್ತಲೇ ಇರಲಿಲ್ಲವೇನೋ. ಬಸವಕಲ್ಯಾಣ ತಾಲ್ಲೂಕಿನ ನಿಂಬೇವಾಡಿ ಶಾಲೆಯ ಚಿಕ್ಕ ಮಕ್ಕಳು ತಾವೇ ವೆಬ್‌ಸೈಟು ಕಟ್ಟಿದ್ದಾರಂತೆ, ಕಟ್ಟಿಸಿದವರು ಹುಮನಾಬಾದಿನ ಒಬ್ಬ ಅತಿಥಿ ಶಿಕ್ಷಕಿಯಂತೆ, ಒಂದು ಚೆಂದದ ಫೋಟೊ, ನಾಲ್ಕು ಅಂಕಿ-ಸಂಖ್ಯೆ ಹಿಡಿದುಕೊಂಡು ಬಾ ಎಂದು ಪತ್ರಿಕೆಯ ಪುರವಣಿಯವರು ಕಳಿಸಿದ್ದರು. ಟೀಚರಿಗೆ ಫೋನ್ ಮಾಡಿದರೆ, ಭಾನುವಾರ ನಸುಕಿನಲ್ಲಿ ಕುರಿ ದಡ್ಡಿಗೆ ಹೋಗುವುದಿದೆ, ಬರುವುದಿದ್ದರೆ ಅಲ್ಲಿಗೇ ಬನ್ನಿ ಅಂದರು. ಬಿಸಿಲೇರಿದರೆ ಹಿಂಡು ಮೇಯಲು ಹೊರಡುತ್ತದೆ, ಆಮೇಲೆ ಮುತ್ಯಾ ಯಾರ ಕೈಗೂ ಸಿಗುವುದಿಲ್ಲ. ಹೀಗಾಗಿ ನಾನೂ ಚಳಿಗೆ ಹಲ್ಲು ಕಟಕಟಿಸುತ್ತ ಕಂಬಳಿಯ ಒಂದು ಮೂಲೆ ಹಿಡಿದಿದ್ದೇನೆ.

ಟೀಚರಿಗೆ ನಸುಕು ಹೊಸದೇನಲ್ಲ. ದಿನವೂ ಹುಮನಾಬಾದಿನಲ್ಲಿ ಹಾಲಿನವರಿಗಿಂತ ಮೊದಲು ಅವರ ಬಾಗಿಲು ತೆರೆಯುತ್ತದೆ. ಮೊದಲು ಇಶ್ರತ್ ಅವರ ಮನೆ. ಇಶ್ರತ್ ಅವರದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಅಲ್ಲಿಯದೇ ಈ ಲ್ಯಾಪ್‌ಟಾಪ್. ಶಾಲೆಗೆ ಸ್ವಂತದ್ದು ಬರುವ ತನಕ ಹಗಲು ಮಕ್ಕಳದು, ಸಂಜೆ ಅಂಗಡಿಯದು ಎಂಬ ಕರಾರು. ಸ್ನೇಹಲರ ತಾಯಿ ಕಮಳಾಬಾಯಿ ಹಳೇ ಸೀರೆಗಳನ್ನು ಪದರ ಪದರ ಸೇರಿಸಿ, ಕೌದಿ ಹೊಲಿದಂತೆ ಅದಕ್ಕೊಂದು ಚೀಲ ಹೊಲಿದುಕೊಟ್ಟಿದ್ದಾರೆ. ಬಸವಕಲ್ಯಾಣದ ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಕೂರುತ್ತಾರೆ. ಕೂಸು ಎದ್ದೀತು, ಜರಾ ಸರಿದು ನಿಂದರ್ರಿ ಎಂದು ಕಂಡಕ್ಟರ್ ಉಳಿದ ಪ್ರಯಾಣಿಕರನ್ನು ಗದರಿಸುವುದು ನಿತ್ಯದ ತಮಾಷೆ. ಬಸ್ಸಿಳಿದ ಮೇಲೆ ಟಂಟಂ ಆಟೊ. ಮೋರಖಂಡಿ ದಾಟಿ, ಟಂಟಂ ನಿಂತಲ್ಲಿಂದ ನಿಂಬೇವಾಡಿಯ ತನಕ ನಡಿಗೆ.

ಕಮಳಾಬಾಯಿ ಕಂಡವರ ಹೊಲದಲ್ಲಿ ಕಳೆ ತೆಗೆದು ಮಗಳನ್ನು ಓದಿಸಿದವರು. ಮಗಳು ಡಿ.ಇಡಿ. ಮುಗಿಸಿ ಕೆಲಸವಿಲ್ಲದೆ ಇಶ್ರತ್ ಅವರ ಅಂಗಡಿಯಲ್ಲಿ ವರ್ಷಗಟ್ಟಲೆ ಜನರ ಅರ್ಜಿ ಟೈಪು ಮಾಡಿದರು. ಈಗಿನ ಕೆಲಸವೂ ಗಟ್ಟಿಯಲ್ಲ. ಪ್ರತಿ ಜೂನಿನಲ್ಲಿ ಹೊಸದಾಗಿ ಆದೇಶ ಬರಬೇಕು, ಬರುವ ತನಕ ಜೀವ ಕೈಯಲ್ಲಿ ಹಿಡಿದು ಕಾಯಬೇಕು. ಇಂಥವರಿಗೆ ವೆಬ್‌ಸೈಟಿನ ಉಸಾಬರಿ ಯಾಕೆ ಬೇಕಿತ್ತು ಎಂದು ಕೇಳಿದರೆ ನಗುತ್ತಾರೆ.

"ಅರ್ಜಿ ಟೈಪ್ ಮಾಡಿ ಮಾಡಿ ನೋಡೇನ್ರಿ. ನಮ್ಮ ಕಡಿ ಹಳ್ಳಿ ಹೆಸರು ಕಂಪ್ಯೂಟರ್‌ದಾಗ ಬರೋದು ಯಾವಾಗ? ನೀರಿಲ್ಲ, ರೇಷನ್ ಬಂದಿಲ್ಲ, ಪಿಂಚಣಿ ನಿಂತದ ಅಂದಾಗ ಅಷ್ಟ. ನಮ್ಮಲ್ಲಿ ಏನಿಲ್ಲ ಅನ್ನೋದೇ ಎಲ್ಲಾ. ಏನದ ಅನ್ನೋದನ್ನ ಯಾರು ಬರೀಬೇಕು? ಹುಡುಗರೇ ಬರೀಲಿ ಅಂದೆ."

ಒಂದೇ ಲ್ಯಾಪ್‌ಟಾಪ್, ಹತ್ತಾರು ಕೈ. ಅದಕ್ಕೆ ಟೀಚರ್ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ವೆಬ್‌ಸೈಟನ್ನು ಮೊದಲು ತರಗತಿಯ ಗೋಡೆಯ ಮೇಲೆ ಕಟ್ಟುವುದು. ಒಂದೊಂದು ಮಗುವಿಗೆ ಒಂದೊಂದು ಹಾಳೆ, ಅದೇ ಅದರ ಪುಟ. ನಡುವೆ ದೊಡ್ಡ ಹಾಳೆಯಲ್ಲಿ 'ನಮ್ಮ ವಾಡಿ' ಎಂಬ ಮುಖಪುಟ. ಮುಖಪುಟದಲ್ಲಿ ಬರುವ ಒಂದು ಮಾತಿಗೆ ನೂಲು ಕಟ್ಟಿ, ಅದರ ಇನ್ನೊಂದು ತುದಿಯನ್ನು ಆ ಮಾತಿನ ಪುಟಕ್ಕೆ ಅಂಟಿಸಿದರೆ ಅದೇ ಲಿಂಕು. ನೂಲು ಎಲ್ಲಿಯದು? ಕುರಿ ಉಣ್ಣೆಯದು, ಕರಿಯದು. ರಾಜೇಶ್ವರಿಯ ಅಜ್ಜಿ ಜಿಜಾಬಾಯಿ ಕಂಬಳಿಗೆಂದು ನೂತದ್ದರಲ್ಲಿ ಒಂದು ಉಂಡೆಯನ್ನು ಹುಡುಗಿ ಕೇಳಿ ತಂದಿದ್ದಳು. ಬೆರಳು ನೂಲಿನ ಮೇಲೆ ಜಾರಿಸುತ್ತ ಹೋದರೆ ಪುಟದಿಂದ ಪುಟಕ್ಕೆ ಹೋಗಬಹುದು. ಗೋಡೆಯ ಮೇಲೆ ದಾರಿ ತಪ್ಪದಿದ್ದರೆ ಆಮೇಲೆ ಒಬ್ಬೊಬ್ಬರಾಗಿ ಲ್ಯಾಪ್‌ಟಾಪಿನ ಮುಂದೆ ಕೂತು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಟೈಪು ಮಾಡುವುದು.

ಎಂಥೆಂಥ ಪುಟಗಳು ಅಂತೀರಿ! ಎಳ್ಳಮಾಸಿ ಹಬ್ಬದ ಭಜ್ಜಿ ಪಲ್ಯಕ್ಕೆ ಏನೇನು ಕಾಳು ಬೀಳುತ್ತದೆ ಎಂದು ಒಬ್ಬಳು. ಯಾವ ಹುಣಸೆಮರದ ಕಾಯಿ ಹುಳಿ, ಯಾವುದರದು ಕಡಿಮೆ ಹುಳಿ ಎಂದು ಇನ್ನೊಬ್ಬ. ಸಮ್ಯಕ ಎಂಬ ನಾಲ್ಕನೇ ತರಗತಿಯ ಪೋರ ತನ್ನ ಅಜ್ಜಿಯ ಎಲೆ-ಅಡಿಕೆ ಡಬ್ಬಿಯ ಚಿತ್ರ ಬಿಡಿಸಿದ್ದಾನೆ. ಚಿತ್ರದ ಮೇಲೆ ಒತ್ತಿದರೆ ಡಬ್ಬಿ ತೆರೆದುಕೊಂಡು ಒಳಗಿನದೆಲ್ಲ ಕಾಣುತ್ತದೆ.

ರಾಜೇಶ್ವರಿ ಬರೆದದ್ದು ಅವರ ಮನೆಯ ಕುರಿಗಳ ಬಗ್ಗೆ. ಬಹಳ ಕುರಿ ಅವೆ ಎಂದು ಬರೆದಿದ್ದಳು. ಬಹಳ ಅಂದರೆ ಎಷ್ಟು, ಓದುವವರಿಗೆ ಹೇಗೆ ತಿಳಿಯಬೇಕು, ಎಣಿಸಿ ಬರಿ, ಈಗ ಎಲ್ಲಿವೆ ಅನ್ನುವುದನ್ನೂ ಸೇರಿಸು ಎಂದು ಟೀಚರೇ ತಿದ್ದಿದರು. ಯಾವ ಟೀಚರಾದರೂ ಹಾಗೇ ತಿದ್ದುತ್ತಿದ್ದರು. ರಜೆಯಲ್ಲಿ ದಡ್ಡಿಗೆ ಹೋದಾಗ ಹುಡುಗಿ ಯಾರಿಗೂ ಹೇಳದೆ ಕುರಿ ಎಣಿಸಿದಳು. ಆ ಸಂಖ್ಯೆಯೂ ಹೊಲದ ಗುರುತೂ ಪುಟದಲ್ಲಿ ಬಂದವು.

ಹುಲಸೂರಿನಲ್ಲಿ ಚಹಾ ಕುಡಿಯುತ್ತಿದ್ದ ಪಂಡರಿ ಮುತ್ಯಾನನ್ನು ಅವರ ಸೋದರಳಿಯನೊಬ್ಬ ಭೇಟಿಯಾದ. ಅಂಗೈಯಲ್ಲಿ ಫೋನು. ಏನು ಮಾವಾ, ಇಷ್ಟು ಕುರಿ ಆದವಂತಲ್ಲ ನಿಮ್ಮವು ಎಂದು ಅಂಗಡಿ ತುಂಬ ಕೇಳುವಂತೆ ಸಂಖ್ಯೆ ಓದಿದ. ಮುತ್ಯಾ ಅರ್ಧ ಲೋಟ ಚಹಾ ಹಾಗೇ ಇಟ್ಟು ಎದ್ದು ಬಂದರು.

ಕುರಿ ಕಾಯುವ ಮನೆಗಳಲ್ಲಿ ಹಿಂಡನ್ನು ಎಣಿಸುವುದಿಲ್ಲ, ಎಣಿಸಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನದರು, ಅಂದರೆ ಕೆಟ್ಟ ದೃಷ್ಟಿ, ತಾಗುತ್ತದೆ ಎಂಬ ನಂಬಿಕೆ. ಹಿಂಡು ಎಲ್ಲಿ ತಂಗಿದೆ ಎಂಬುದನ್ನಂತೂ ಗುರುತಿಲ್ಲದವರಿಗೆ ಹೇಳಲೇಬಾರದು, ಕುರಿ ಕದಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಮೊಮ್ಮಗಳು ಎರಡನ್ನೂ ಜಗತ್ತಿಗೇ ಹೇಳಿ ಕೂತಿದ್ದಳು. ಅದೇ ವಾರ ಚಳಿಗೆ ಎರಡು ಮರಿ ಸತ್ತವು. ಮುತ್ಯಾ ಬೈಯಲಿಲ್ಲ, ಹೊಡೆಯಲಿಲ್ಲ. ವಾಡಿಯಲ್ಲಿ ಅವ್ವನ ಹತ್ತಿರ ಇದ್ದು ಓದುತ್ತಿದ್ದ ಹುಡುಗಿಯನ್ನು ಕರೆದುಕೊಂಡು ದಡ್ಡಿಗೆ ಹೊರಟರು, ಅಷ್ಟೇ.

ಸುದ್ದಿ ಕೇಳಿದ ಗಳಿಗೆಯಲ್ಲೇ ಸ್ನೇಹಲ ಆ ಪುಟ ತೆಗೆದರು. ಹುಡುಗಿ ಬರಲಿಲ್ಲ. ಗೋಡೆಯ ಮೇಲಿನ ಹಾಳೆಯೂ ಹೋಯಿತು, ಅದರ ನೂಲು ಮಾತ್ರ ತುದಿಯಿಲ್ಲದೆ ಜೋತಾಡುತ್ತ ಉಳಿಯಿತು. ಮೂಢನಂಬಿಕೆ ಎಂದು ಕೈತೊಳೆದುಕೊಳ್ಳಬಹುದಿತ್ತಲ್ಲ ಎಂದು ನಾನು ಕೆಣಕಿದೆ. ಟೀಚರ್ ನನ್ನ ಮುಖವನ್ನೇ ನೋಡಿದರು.

"ನದರು ಖರೇ ಅದ ಇಲ್ಲ ಅನ್ನೋದು ಆಮ್ಯಾಲಿನ ಮಾತ್ರಿ. ಅವರ ಮನಿ ಮಾತು ಅವರನ್ನ ಕೇಳದೆ ಬಜಾರಕ್ಕ ಹಾಕಿದಾಕಿ ನಾನು. ನಮ್ಮವ್ವನ ಮಾತು ಯಾರರೆ ಹಂಗ ಹಾಕಿದ್ರ ನಾ ಸುಮ್ಮಿರ್ತಿದ್ದೆನೇನು?"

ಅಂದಿನಿಂದ ಹೊಸ ಪದ್ಧತಿ ಶುರುವಾಗಿದೆ. ಯಾವ ಪುಟವಿದ್ದರೂ ಆ ಮನೆಯವರ ಮುಂದೆ ಕೂತು ಓದಿ ತೋರಿಸಿದ ಮೇಲೆಯೇ ವೆಬ್‌ಸೈಟಿಗೆ. ಶಾಲೆ ಬಿಟ್ಟ ಮೇಲೆ ಟೀಚರ್ ಕೌದಿಯ ಚೀಲ ಹೆಗಲಿಗೇರಿಸಿ ಮನೆ ಮನೆ ತಿರುಗುತ್ತಾರೆ, ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡು ಇಶ್ರತ್ ಅವರಿಂದ ಬೈಸಿಕೊಳ್ಳುತ್ತಾರೆ. ಸಮ್ಯಕನ ಅಜ್ಜಿ ಎಲ್ಲ ಕೇಳಿಸಿಕೊಂಡು, ಡಬ್ಬಿಯ ಒಂದು ಖಾನೆಯಲ್ಲಿ ಏನಿದೆ ಎಂಬುದು ಊರವರಿಗೆ ಬೇಡ ಎಂದು ಹಟ ಹಿಡಿದರು. ಆ ಖಾನೆಯ ಮುಚ್ಚಳ ಈಗ ಎಷ್ಟು ಒತ್ತಿದರೂ ತೆರೆಯುವುದಿಲ್ಲ.

ಹೊಲದಲ್ಲಿ ಬೆಳಕು ಹರಿಯತೊಡಗಿದೆ. ಮೂರು ಕಲ್ಲಿನ ಒಲೆಯ ಮುಂದೆ ಜಿಜಾಬಾಯಿ ರೊಟ್ಟಿ ತಟ್ಟುತ್ತಿದ್ದಾರೆ. ಅವರ ಬೆನ್ನಿಗೆ ಅಂಟಿ ರಾಜೇಶ್ವರಿ ಕೂತಿದ್ದಾಳೆ, ಕಣ್ಣು ಮಾತ್ರ ಲ್ಯಾಪ್‌ಟಾಪಿನ ಮೇಲೆ. ಸ್ನೇಹಲ ಖಾಲಿ ಪುಟ ತೋರಿಸಿ, ಇಲ್ಲಿದ್ದದ್ದೆಲ್ಲ ಅಳಿಸಿದ್ದೇನೆ, ಇದರಲ್ಲಿ ಏನು ಬರೆಯಬೇಕು ನೀವೇ ಹೇಳಿ, ಏನೂ ಬೇಡ ಅಂದರೆ ಖಾಲಿಯೇ ಇರಲಿ, ಹುಡುಗಿ ಮಾತ್ರ ಶಾಲೆಗೆ ಬರಲಿ ಎಂದು ಕೇಳಿಕೊಂಡಿದ್ದಾರೆ. ಮುತ್ಯಾ ಬೀಡಿಯನ್ನು ತುದಿಯ ತನಕ ಸೇದಿದರು. ಆಮೇಲೆ ಅದನ್ನು ಮಣ್ಣಿಗೆ ಒತ್ತಿ, ಮೊದಲ ಸಲ ಟೀಚರ್ ಕಡೆ ತಿರುಗಿದರು.

"ನಾವು ಎಣಸೂದಿಲ್ಲ ಟೀಚರ್ ಬಾಯಿ. ಮುಖಾ ಗೊತ್ತಿರ್ತಾವ. ಸಂಜೀಕ ಹಿಂಡು ಬಂದು ನಿಂತ್ರ ಯಾವದು ಬಂದಿಲ್ಲ ಅಂತ ಕಣ್ಣಿಗೇ ತಿಳೀತದ. ನೀವು ನಿಮ್ಮ ಹುಡುಗರನ್ನ ಎಣಸ್ತೀರೇನು?"

"ಎಣಸ್ತೀನ್ರಿ ಮುತ್ಯಾ. ದಿನಾ ಮುಂಜಾನೆ ಹಾಜರಿ ತಗೋತೀನಿ." ಸ್ನೇಹಲ ಲ್ಯಾಪ್‌ಟಾಪ್ ಅರ್ಧ ಮುಚ್ಚಿದರು. "ಈಗ ಎಷ್ಟು ದಿವಸಾತು, ಒಂದು ಕಡಿಮಿ ಬರಾಕತ್ತದ್ರಿ."

ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಕುರಿ ಕಾಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕುರಿ ಕಡಿಮೆಯಾದರೆ ಊಟ ಬಿಟ್ಟು ಕಂಟಿ-ಪೊದೆಯನ್ನೆಲ್ಲ ಹುಡುಕುವವರು ಅವರು. ಮುತ್ಯಾ ದಡ್ಡಿಯ ಕಡೆ ನೋಡಿದರು, ಮೊಮ್ಮಗಳ ಕಡೆ ನೋಡಿದರು.

ಕೊನೆಗೆ ಬಾಯಿ ಬಿಟ್ಟವರು ಜಿಜಾಬಾಯಿ. ಯಾರಾದರೂ ಕೇಳಿದರೆ ನಾವು ದಡ್ಡಿ ತುಂಬ ಅವ ಅಂತೇವಲ್ಲ, ಹಾಗೇ ಬರೆದುಕೊಳ್ಳಲಿ ಬಿಡ್ರಿ ಎಂದು ಗಂಡನಿಗೆ ಹೇಳಿದರು. ರಾಜೇಶ್ವರಿ ಎದ್ದು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಮುತ್ಯಾ ಹೇಳುತ್ತ ಹೋದರು, ಆಕೆ ಒಂದು ಬೆರಳಲ್ಲಿ ಕುಟ್ಟುತ್ತ ಹೋದಳು. ಮುಗಿದ ಮೇಲೆ ಗಟ್ಟಿಯಾಗಿ ಓದಿದಳು: 'ನಮ್ಮ ಕುರಿ ದಡ್ಡಿ ತುಂಬ ಅವ. ಎಲ್ಲಿ ಅವ ಅಂತ ಹೇಳೂದಿಲ್ಲ. ಒಂದು ಮುದಿ ಕುರಿ ಅದ. ನಮ್ಮ ಮುತ್ಯಾ ಕೆಮ್ಮಿದರ ಅದು ತಿರುಗಿ ನೋಡತದ.'

ಇನ್ನೊಮ್ಮೆ ಓದು ಅಂದರು ಮುತ್ಯಾ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ಬರೋಬರಿ ಅದ ಎಂದು ಎದ್ದು, ಹೆಗಲ ಮೇಲಿನ ಕಂಬಳಿ ಕೊಡವಿ, ದಡ್ಡಿಯ ಬಲೆ ಬಿಚ್ಚಲು ಹೋಗುತ್ತ ಬೆನ್ನು ತಿರುಗಿಸಿಯೇ ಹೇಳಿದರು: "ರೊಟ್ಟಿ ತಿಂದು ಹೋಗ್ರಿ. ಕೂಸಿನ್ನ ಸಂಗಟ ಕರಕೊಂಡ್ ಹೋಗ್ರಿ."

ಮರುದಿನ ಸೋಮವಾರ ನಾನೂ ನಿಂಬೇವಾಡಿ ಶಾಲೆಗೆ ಹೋದೆ. ರಾಜೇಶ್ವರಿ ಬೆಂಚಿನ ಮೇಲೆ ಹತ್ತಿ, ಜೋತಾಡುತ್ತಿದ್ದ ನೂಲಿನ ತುದಿಯನ್ನು ಹೊಸ ಹಾಳೆಗೆ ಅಂಟಿಸಿದಳು. ಅಷ್ಟರಲ್ಲಿ ಸಮ್ಯಕ ಒಂದು ಹೊಸ ಬೇಡಿಕೆ ತೆಗೆದ. ವೆಬ್‌ಸೈಟನ್ನು ಇಷ್ಟು ಜನ ನೋಡಿದರು ಎಂದು ತೋರಿಸುವ ಗಣತಿಯ ಪೆಟ್ಟಿಗೆಯೊಂದನ್ನು ಕೆಳಗೆ ಹಾಕಬೇಕಂತೆ, ದೊಡ್ಡವರ ವೆಬ್‌ಸೈಟಿನಲ್ಲಿ ಇರುತ್ತದಂತೆ. ಬಂದ ಮಂದಿಯನ್ನು ಎಣಿಸಬಾರದು, ಅವರಿಗೂ ನದರು ತಾಗುತ್ತದೆ ಎಂದು ರಾಜೇಶ್ವರಿ ಖಡಾಖಂಡಿತವಾಗಿ ಹೇಳಿದಳು. ತರಗತಿಯಲ್ಲಿ ಭಾರೀ ವಾದ ನಡೆದು, ಕೈ ಎತ್ತಿಸಿ, ಗಣತಿ ಬೇಡವೆಂದು ಠರಾವಾಯಿತು. ಹೀಗಾಗಿ ಎಷ್ಟು ಮಂದಿ ಈ ವೆಬ್‌ಸೈಟು ನೋಡಿದ್ದಾರೆ ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಆದರೂ ಪುರವಣಿಯವರಿಗೆ ಒಂದಾದರೂ ಅಂಕಿ ಬೇಕಲ್ಲ. ಹೊರಡುವಾಗ, ಇದನ್ನಾದರೂ ಹೇಳಿ ಟೀಚರ್, ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಕೇಳಿದೆ. ಸ್ನೇಹಲ ಹಾಜರಿ ಪುಸ್ತಕದತ್ತ ಕೈ ಚಾಚಿದವರು ಹಾಗೇ ತಡೆದರು. ಮುಂದಿನ ಬೆಂಚಿನಿಂದ ಹಿಂದಿನ ಗೋಡೆಯ ತನಕ ಒಂದೊಂದೇ ಮುಖ ನೋಡುತ್ತ ಹೋದರು. ರಾಜೇಶ್ವರಿಯ ಹತ್ತಿರ ಬಂದಾಗ ಅವರ ಕಣ್ಣು ಒಂದು ಗಳಿಗೆ ನಿಂತಿತು.

"ಕ್ಲಾಸ್ ತುಂಬ ಅವ್ರಿ," ಅಂದರು. "ಹಂಗೇ ಬರಕೋರಿ."