ಶಿರಸ್ತೇದಾರರ ಗುಮಾಸ್ತ

ಅವರ ಕತ್ತು ಯಾವಾಗಲೂ ಒಂದಿಷ್ಟು ಎಡಕ್ಕೆ ವಾಲಿರುತ್ತಿತ್ತು. ಕೋರ್ಟಿನಲ್ಲಿ ಪೀಠದ ಕೆಳಗೆ ಕೂತು, ಮೇಲಿನಿಂದ ಜಡ್ಜ್ ಸಾಹೇಬರು ಹೇಳಿದ್ದನ್ನೆಲ್ಲ ಬಲಗಿವಿಯಲ್ಲಿ ಹಿಡಿದೂ ಹಿಡಿದೂ ಹಾಗಾಗಿತ್ತಂತೆ. ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಓಡಾಡಿ, ಶಿರಸ್ತೇದಾರರಾಗಿ ನಿವೃತ್ತಿಯಾದ ಮೇಲೂ ಆ ಕತ್ತು ನೆಟ್ಟಗಾಗಲಿಲ್ಲ. "ಸಾಹೇಬ್ರು ಇನ್ನೂ ಮೇಲೇ ಕೂತವ್ರೆ ಅಂದ್ಕಂಡವ್ರೆ ಕಣಮ್ಮ" ಎಂದು ಅವರ ಹೆಂಡತಿ ನನ್ನ ಹತ್ತಿರ ನಗುತ್ತಿದ್ದರು. ಊರಿಗೆಲ್ಲ ಅವರು ಶಿರಸ್ತೇದಾರರು. ಪಕ್ಕದ ಮನೆಯ ಹುಡುಗಿಯಾದ ನನಗೆ ಮಾವ, ಅವರ ಹೆಂಡತಿ ಅತ್ತೆ.

ನಿವೃತ್ತಿಯ ಬೆನ್ನಿಗೇ ಅವರ ಕಣ್ಣು ಹೋಯಿತು. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದರು. ಊಟ ಬಿಟ್ಟರೂ ಓದು ಬಿಡದ ಮನುಷ್ಯ. ಕಾದಂಬರಿಯಾದರೆ ಸರಿ, ಇಲ್ಲವಾದರೆ ಬೋಂಡ ಕಟ್ಟಿಕೊಟ್ಟ ಪೇಪರಾದರೂ ಸರಿ. ಆಗ ನಾನು ಪಿಯುಸಿ. ಸಂಜೆ ಹೋಗಿ ಓದಿ ಹೇಳು ಎಂದು ನನ್ನಮ್ಮ ಕಳಿಸಿದಳು. ನಾನೋ ನಾಟಕದ ಹುಚ್ಚಿನವಳು. ಅಳುವ ಕಡೆ ದನಿ ನಡುಗಿಸಿ, ಜಗಳದ ಕಡೆ ಏರಿಸಿ ಓದಿದೆ. ಎರಡು ಸಂಜೆ ತಡೆದುಕೊಂಡರು, ಮೂರನೆಯ ಸಂಜೆ ಕೈ ಎತ್ತಿ ನಿಲ್ಲಿಸಿದರು.

"ನೀನು ಅಳ್ತಾ ಓದ್ಬ್ಯಾಡ ಕಣಮ್ಮ. ಎಲ್ಲಿ ಅಳ್ಬೇಕು ಅನ್ನೋದ ನಾನೇ ನೋಡ್ಕತೀನಿ."

ಆಮೇಲೆ ಕೋರ್ಟಿನ ಪದ್ಧತಿ ವಿವರಿಸಿದರು. ಸಾಕ್ಷಿ ಹೇಳಿದ್ದನ್ನು ಬರೆದುಕೊಂಡು, ಕೊನೆಗೆ ಅವನಿಗೇ ಓದಿ ಹೇಳಬೇಕು. ಅವನು ಕೇಳಿ, ಸರಿ ಇದೆ ಎಂದು ರುಜು ಹಾಕಬೇಕು. ಒಂದು ಸಲ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಹೇಳಿಕೆಯನ್ನು ಇವರು ಅವಳ ಎದುರೇ ಓದಬೇಕಾಗಿ ಬಂತಂತೆ. ಗೋಡೆ ಓದಿದ ಹಾಗೆ ಓದಿದರಂತೆ. ತಾನು ಅತ್ತಿದ್ದರೆ ಆ ಹೆಂಗಸು ತನ್ನ ದುಃಖ ಬಿಟ್ಟು ಶಿರಸ್ತೇದಾರನನ್ನು ಸಮಾಧಾನ ಮಾಡಬೇಕಾಗುತ್ತಿತ್ತು ಎನ್ನುತ್ತಿದ್ದರು. ಈಗ ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು, ಎಂಥ ಪದ್ಯವಾದರೂ ದನಿ ತಗ್ಗಿಸಿ ಓದಿ ಮಕ್ಕಳ ಪಾಡಿಗೆ ಬಿಡುತ್ತೇನೆ. ಅಷ್ಟು ಬುದ್ಧಿ ನನಗೆ ಬಂದದ್ದು ಆ ಸಂಜೆ.

ಮಾರನೆಯ ವರ್ಷ ಅವರ ಮನೆಗೆ ಕಂಪ್ಯೂಟರ್ ಬಂತು. ಕಣ್ಣಿಲ್ಲದವರಿಗೆ ಓದಿ ಹೇಳುವ ಒಂದು ಸಾಫ್ಟ್‌ವೇರ್ ಬಂದಿದೆ ಎಂದು ಯಾರೋ ಹೇಳಿದ್ದೇ ತಡ, ಮೈಸೂರಿಗೆ ಹೋಗಿ ಕಲಿತೇ ಬಂದರು. ಯಾವ ಗುಂಡಿ ಒತ್ತಿದರೆ ಮುಂದಿನ ಸಾಲು, ಯಾವುದಕ್ಕೆ ಹಿಂದಿನದು, ಎಲ್ಲ ಬೆರಳಿಗೇ ಗೊತ್ತಾಯಿತು. ಜೊತೆಗೆ ಸಿ.ಡಿ.ಗಳ ತುಂಬ ಕನ್ನಡ ಪುಸ್ತಕಗಳು. ಓದುವ ದನಿ ಮಾತ್ರ ನೆಗಡಿಯಾದ ಗಂಡಸಿನದು. ಸಾವಾದರೂ ಒಂದೇ, ಸೀಮಂತವಾದರೂ ಒಂದೇ. ಅತ್ತೆ ಅದಕ್ಕೆ 'ಗುಮಾಸ್ತ' ಎಂದು ಹೆಸರಿಟ್ಟರು. ಶಿರಸ್ತೇದಾರರಿಗೆ ಆ ಹೆಸರು ಬಹಳ ಹಿಡಿಸಿತು. ಸರ್ವೀಸಿನಲ್ಲಿ ಇಂಥ ಗುಮಾಸ್ತ ಒಬ್ಬನೂ ಸಿಗಲಿಲ್ಲ, ಇವನು ಟೀ ಕುಡಿಯಲು ಎದ್ದು ಹೋಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುವರು.

ಒಂದು ಮಧ್ಯಾಹ್ನ ಅಮ್ಮ ಕೊಟ್ಟ ಬಸ್ಸಾರಿನ ಪಾತ್ರೆ ಹಿಡಿದು ಅವರ ಕೋಣೆಯ ತನಕ ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ಒರೆಸಿಕೊಳ್ಳುತ್ತಲೂ ಇರಲಿಲ್ಲ. ನಾನು ಸದ್ದಿಲ್ಲದೆ ಹಿಂದಿರುಗಿದೆ. ಮರುದಿನ ಅವರೇ ಮಾತು ತೆಗೆದರು.

"ನೆನ್ನೆ ಬಾಗ್ಲುಗಂಟ ಬಂದು ತಿರಿಕ್ಕಂಡೆ ಅಲ್ವಾ? ಬಸ್ಸಾರ್ ಗಮಲು ಬಂತು. ಒಳ್ಳೇದ್ ಮಾಡ್ದೆ."

ಕಾಲ ನಿಲ್ಲುವುದಿಲ್ಲ, ಕಂಪ್ಯೂಟರಿಗಂತೂ ಇನ್ನೂ ನಿಲ್ಲುವುದಿಲ್ಲ. ಅದೇ ಬೀದಿಯ ಇನ್ನೊಂದು ಮನೆಗೆ ನನ್ನ ಮದುವೆಯಾಗಿ ಮಕ್ಕಳಾಗುವ ಹೊತ್ತಿಗೆ ಆ ಪೆಟ್ಟಿಗೆ ಮುದಿಯಾಗಿತ್ತು. ಇಂಟರ್‌ನೆಟ್ಟಿನ ಯಾವ ಪುಟವೂ ಅದರಲ್ಲಿ ತೆರೆಯುತ್ತಿರಲಿಲ್ಲ. ಅವರ ಮಗ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ ಮಾಡಿಕೊಂಡು ಮನೆಯಲ್ಲೇ ಇದ್ದ, ಅಪ್ಪನೆಂದರೆ ಪ್ರಾಣ. ಹೊಸ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಅದರಲ್ಲೂ ಓದುವ ದನಿ ಇತ್ತು. ಸಭೆಯಲ್ಲಿ ಗಣ್ಯರನ್ನು ಸ್ವಾಗತಿಸುವ ಹೆಂಗಸಿನ ದನಿ. ಹಳೆಯ ಪುಸ್ತಕಗಳನ್ನು ಅದಕ್ಕೆ ಹಾಕಿದೆವು. ಅವು ಆ ಕಾಲದ ಕಂಪ್ಯೂಟರ್ ಫಾಂಟಿನ ಅಕ್ಷರಗಳಲ್ಲಿ ಇದ್ದದ್ದರಿಂದ ಹೊಸದಕ್ಕೆ ಒಂದೂ ತಿಳಿಯದೆ, ಆಕೆ ನಗುನಗುತ್ತಲೇ ಅರ್ಥವಿಲ್ಲದ್ದೇನೋ ಒದರತೊಡಗಿದಳು. ಶಿರಸ್ತೇದಾರರು ಒಂದು ನಿಮಿಷ ಕೇಳಿ, ಯಾರ ಮನೆ ಮದುವೆ ಇದು ಎಂದು ಕೇಳಿ ಎದ್ದು ಹೋದರು.

ನಾನು ರಜೆಯಲ್ಲಿ ಕೂತು ಪುಸ್ತಕಗಳನ್ನು ಹೊಸ ಅಕ್ಷರಕ್ಕೆ ತಿರುಗಿಸಲು ನೋಡಿದೆ. ಪುಟಕ್ಕೆ ಅರ್ಧ ಬಂತು, ಇನ್ನರ್ಧ ಜಜ್ಜಿಹೋಗಿ ಬಂತು. ಗುಮಾಸ್ತನನ್ನೇ ಹೊಸದಕ್ಕೆ ಹಾಕೋಣವೆಂದರೆ ಅವನು ಅದರಲ್ಲಿ ಓಡುವುದಿಲ್ಲ. ಮಗ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಹುಡುಕಿ ತಂದ. ಅದಕ್ಕೆ ಹಾಕಬೇಕೆಂದರೆ ಸಾಫ್ಟ್‌ವೇರ್ ಮಾಡಿದವರಿಂದ ಹೊಸ ಅನುಮತಿ ಸಂಖ್ಯೆ ಬೇಕು, ಮಾಡಿದವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಬೈಯೋಣವೆಂದರೂ ಯಾರೂ ಸಿಗಲಿಲ್ಲ. ಯಾರದೂ ತಪ್ಪಿಲ್ಲದೆ ಎಲ್ಲ ಬಾಗಿಲೂ ಮುಚ್ಚಿಕೊಳ್ಳುವುದನ್ನು ನಾನು ಕಂಡದ್ದು ಆಗಲೇ.

ಆಮೇಲೆ ಅವರು ಆ ಪೆಟ್ಟಿಗೆಯನ್ನು ಆರಿಸುವುದನ್ನೇ ಬಿಟ್ಟರು. ಆರಿಸಿದರೆ ಮತ್ತೆ ಎದ್ದೇಳದಿದ್ದರೆ ಎಂಬ ಭಯ. ಬೇಸಿಗೆಯಲ್ಲಿ ಟೇಬಲ್ ಫ್ಯಾನು ಅದರ ಕಡೆಗೇ ತಿರುಗಿರುತ್ತಿತ್ತು. ಕೈಹಿಡಿದವಳಿಗೆ ಬೀಸದ ಗಾಳಿ ಗುಮಾಸ್ತನಿಗೆ ಎಂದು ಅತ್ತೆ ಗೊಣಗುತ್ತಲೇ, ಧೂಳು ಕೂರದಂತೆ ಹಳೇ ಸೀರೆಯ ತುಂಡು ಹೊದಿಸುತ್ತಿದ್ದರು.

ಹೋದ ವರ್ಷ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಕರೆಂಟು ಬಂದಾಗ ಎಲ್ಲರ ಮನೆಯ ಫ್ರಿಜ್ಜು, ಟಿವಿ ಎದ್ದವು, ಗುಮಾಸ್ತ ಏಳಲಿಲ್ಲ. ಮಂಡ್ಯದ ರಿಪೇರಿಯವನ ಹತ್ತಿರ ಕಾರಿನಲ್ಲಿ ಒಯ್ದೆವು. ಶಿರಸ್ತೇದಾರರು ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ರಿಪೇರಿಯವನು ಬಿಚ್ಚಿ ನೋಡಿ, ಏನೇನೋ ಬದಲಿಸಿ, ಕೊನೆಗೆ ಆಗಲ್ಲ ಸಾರ್ ಎಂದ. ಅವನು ದುಡ್ಡೂ ತೆಗೆದುಕೊಳ್ಳಲಿಲ್ಲ. ವಾಪಸು ಬರುವಾಗಲೂ ಪೆಟ್ಟಿಗೆ ಅವರ ತೊಡೆಯ ಮೇಲೇ ಇತ್ತು. ಶಿಂಷಾ ಸೇತುವೆ ದಾಟುವಾಗ ಒಂದು ಮಾತು ಹೇಳಿದರು.

"ಇನ್ಮೇಲೆ ಏನಿದ್ರೂ ಇನ್ನೊಬ್ರ ಬಾಯಿಂದ್ಲೇ ಕೇಳ್ಬೇಕು, ಬುಡು."

ನಾನು ಮತ್ತೆ ಸಂಜೆ ಹೋಗಿ ಓದತೊಡಗಿದೆ. ಗೋಡೆಯ ಹಾಗೆಯೇ ಓದಿದೆ. ಚೆನ್ನಾಗಿ ಓದುತ್ತೀಯ ಎಂದು ಹೊಗಳುತ್ತಿದ್ದರು, ಆದರೆ ಯಾವ ಪುಟಕ್ಕೂ ಅವರ ಮುಖ ಬದಲಾಗುತ್ತಿರಲಿಲ್ಲ. ಎದುರಿಗೆ ಒಬ್ಬಳು ಕೂತಿದ್ದಾಳೆ ಎನ್ನುವುದನ್ನು ಅವರು ಮರೆಯಲಾರರು, ನಾನು ಅದಕ್ಕೇನು ಮಾಡಲಿ?

ಊಟ ಸೇರದಾಯಿತು, ಮೈ ಇಳಿಯಿತು. ಮಂಡ್ಯದಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟು ಮಗನ ಫೋನಿಗೆ ಬಂದ ಸಂಜೆ ನಾನೂ ಅಲ್ಲೇ ಇದ್ದೆ. ಮಗ ತೆರೆಯುವ ಮೊದಲೇ ಅವರು ತಡೆದರು. ಯಾರೂ ನೋಡಬೇಡಿ, ಅದನ್ನು ಆ ಹೊಸ ಪೆಟ್ಟಿಗೆಗೆ ಹಾಕಿ ಕೊಡಿ, ನಾನೇ ಓದಿಕೊಳ್ಳುತ್ತೇನೆ ಎಂದರು. ಮಗ ಹಾಕಿಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ಬೆರಳು ಹಿಡಿದು ತೋರಿಸಿದ. ಹಳೆಯ ಹೆಡ್‌ಫೋನಿನ ಪಿನ್ನು ಅದಕ್ಕೆ ಕೂರಲಿಲ್ಲ. ಪರವಾಗಿಲ್ಲ, ಸದ್ದು ಕಮ್ಮಿ ಮಾಡಿಕೊಳ್ಳುತ್ತೇನೆ ಎಂದು ಕೋಣೆಯ ಬಾಗಿಲು ಹಾಕಿಸಿದರು.

ಅತ್ತೆ, ಮಗ, ನಾನು ಹಾಲಿನಲ್ಲಿ ಕೂತೆವು. ಒಳಗಿಂದ ಆ ಹೆಂಗಸಿನ ದನಿ ಗಟ್ಟಿಯಾಗಿ ಎದ್ದಿತು. ಅವರ ಹೆಸರು, ವಯಸ್ಸು, ಡಾಕ್ಟರ ಹೆಸರು, ಒಂದೊಂದನ್ನೂ ವೇದಿಕೆಗೆ ಕರೆದ ಹಾಗೆ ಇಂಗ್ಲಿಷಿನಲ್ಲಿ ಓದತೊಡಗಿತು. ಗುಂಡಿಗಳನ್ನು ಒತ್ತುವ ಸದ್ದು ಕೇಳುತ್ತಿತ್ತು, ಅವು ಗುಮಾಸ್ತನ ಕಾಲದ ಗುಂಡಿಗಳು, ಇವಳು ಅವಕ್ಕೆ ನಿಲ್ಲುವವಳಲ್ಲ. ಲಿವರ್ ಎಂದಳು. ಗಡ್ಡೆಯ ಅಳತೆ ಹೇಳಿದಳು. ಕ್ಯಾನ್ಸರ್ ಎಂದಳು. ಇಂಗ್ಲಿಷ್ ಬಾರದ ಅತ್ತೆಗೂ ಆ ಒಂದು ಮಾತು ಗೊತ್ತಿತ್ತು. ಮಗ ಎದ್ದು ನಿಂತ, ಮತ್ತೆ ಕೂತ. ಒಳಗೆ ಹೋದರೆ ನಾವು ಕೇಳಿಸಿಕೊಂಡೆವು ಎಂದಾಗುತ್ತದೆ, ಹೋಗದಿದ್ದರೆ ಅವಳು ನಿಲ್ಲಿಸುವುದಿಲ್ಲ. ಕೊನೆಯ ಸಾಲಿನವರೆಗೂ ಓದಿ, ಮುಗಿದ ಮೇಲೆ ಮತ್ತೆ ಮೊದಲಿಂದ ಶುರು ಮಾಡಿದಳು.

"ಇದ್ನ ಯಾರಾದ್ರೂ ಆಫ್ ಮಾಡ್ರಪ್ಪ" ಎಂದು ಒಳಗಿಂದ ಕೇಳಿತು. ಜೋರಾಗೇನೂ ಅಲ್ಲ.

ಮಗ ಹೋಗಿ ಆರಿಸಿದ. ಅವನು ಹೊರಗೆ ಬರುವಾಗ ಅವರು ಬಾಗಿಲು ಎಳೆದುಕೊಂಡು ಹೋಗಲು ಹೇಳಿದರು, ಎಳೆದುಕೊಂಡು ಬಂದ. ಆಮೇಲೆ ಅವರು ಬಹಳ ದಿನ ಇರಲಿಲ್ಲ, ಆ ಸಂಜೆಯ ಮಾತನ್ನು ನಾವ್ಯಾರೂ ಎತ್ತಲೂ ಇಲ್ಲ. ಬದುಕಿನಲ್ಲಿ ಯಾವುದಾದರೂ ಒಂದು ಕಾಗದವನ್ನು ಅವರು ಒಬ್ಬರೇ ಓದಿಕೊಳ್ಳಬೇಕಾಗಿದ್ದರೆ ಅದು ಇದು, ಅದನ್ನು ನಾವು ಮೂವರೂ ಅವರ ಜೊತೆಗೇ ಓದಿಬಿಟ್ಟಿದ್ದೆವು.